ತೋಟಪ್ಪನ ಮೊದಲನೇ ಕ್ರ್ಯಾಕ್

ತೋಟಪ್ಪನಿಗೆ ಹುಚ್ಚು ಹಿಡಿದಿದೆ ಎಂಬ ಸುದ್ದಿಯನ್ನು ಹಬ್ಬಿಸಿದವನು ನಾನು ಎಂದು ನರೇಗಲ್ಲಿನಲ್ಲಿ ಈಗಲೂ ಕೆಲವರು ಹೇಳುತ್ತಾರೆ. ಇದು ಶುದ್ಧ ಸುಳ್ಳು. ನಾನು ಹೇಳಿದ್ದು ಇಬ್ಬರಿಗೆ ಮಾತ್ರ. ಒಬ್ಬಳು ನನ್ನ ಹೆಂಡತಿ. ಅವಳಿಗೆ ಹೇಳದೆ ಇರುವ ಹಕ್ಕು ನನಗಿಲ್ಲ. ಇನ್ನೊಬ್ಬಳು ಮೊಸರು ಮಾರುವ ಕರಿಯವ್ವ. ಅವಳು ಮೊಸರು ಅಳೆಯುವಷ್ಟು ಹೊತ್ತು ಬಾಯಿ ಮುಚ್ಚಿಕೊಂಡು ನಿಲ್ಲುವುದು ಚೆನ್ನಾಗಿರುವುದಿಲ್ಲ ಎಂದು ಹೇಳಿದೆ. ಅಲ್ಲಿಂದ ಮುಂದೆ ಆ ಸುದ್ದಿ ಗಜೇಂದ್ರಗಡ, ನರಗುಂದ ಮುಟ್ಟಿದ್ದರೆ ಅದಕ್ಕೆ ಕರಿಯವ್ವನ ಕಾಲು ಹೊಣೆ, ನನ್ನ ಬಾಯಿ ಅಲ್ಲ.

ತೋಟಪ್ಪ ನನ್ನ ಬಾಜೂ ಮನೆಯವನು. ಬಜಾರದಲ್ಲಿ ಅವನದು ಬೀಜ-ಗೊಬ್ಬರದ ಅಂಗಡಿ, ಅವನ ಅಜ್ಜ ಇಟ್ಟದ್ದು. ನಾನು ಹೈಸ್ಕೂಲಿನಲ್ಲಿ ಮಾಸ್ತರನಾಗಿದ್ದು ರಿಟೈರ್ ಆದವನು. ಇಬ್ಬರೂ ಒಂದೇ ಬೆಂಚಿನ ಮೇಲೆ ಕೂತು ಓದಿದವರಾದ್ದರಿಂದ ಅವನನ್ನು ಏಕವಚನದಲ್ಲೇ ಕರೆಯುತ್ತೇನೆ, ಯಾರೂ ತಪ್ಪು ತಿಳಿಯಬಾರದು. ನಮ್ಮಿಬ್ಬರ ಹಿತ್ತಲಿನ ನಡುವೆ ಒಂದು ಗೋಡೆ ಇದೆ. ಅದು ನನ್ನ ಗದ್ದದಷ್ಟು ಎತ್ತರ, ಅಂದರೆ ಕಣ್ಣಿಗೆ ಅಡ್ಡಿಯಿಲ್ಲ.

ಇಂಥ ತೋಟಪ್ಪನಿಗೆ ಬದುಕಿನಲ್ಲಿ ಇದ್ದ ಒಂದೇ ಒಂದು ಗರ್ವ ಚಹಾದ್ದು. ದಿನಾ ಬೆಳಗ್ಗೆ ಐದೂವರೆಗೆ ಎದ್ದು, ಶುಂಠಿ ಜಜ್ಜಿ, ಏಲಕ್ಕಿ ಹಾಕಿ ಚಹಾ ಮಾಡಿ, ಹೆಂಡತಿ ಅನ್ನಪೂರ್ಣಾ ಹಾಸಿಗೆ ಬಿಟ್ಟು ಏಳುವ ಮೊದಲೇ ಅವಳ ಕೈಗೆ ಕಪ್ಪು ಕೊಡುತ್ತಿದ್ದ. ನಮ್ಮ ಓಣಿಯಲ್ಲಿ ಗಂಡಸರು ಅಡಿಗೆಮನೆಗೆ ಹೋಗುವುದು ‘ಆತೇನು?’ ಎಂದು ಕೇಳುವುದಕ್ಕೆ ಮಾತ್ರ. ಹೀಗಾಗಿ ಇದು ದೊಡ್ಡ ಸಂಗತಿ. ಅವನು ಇದನ್ನು ಮದುವೆ ಮನೆಯಲ್ಲಿ, ಸೊಸೈಟಿ ಮೀಟಿಂಗಿನಲ್ಲಿ, ಒಮ್ಮೆ ಯಾರದೋ ಮಣ್ಣಿಗೆ ಹೋದಲ್ಲಿ ಕೂಡ ಹೇಳಿದ್ದ.

“ನಮ್ಮ ಮನ್ಯಾಗ ಮುಂಜಾನಿ ಚಹಾ ನಂದ. ಮೂವತ್ತೊಂದ ವರ್ಷಾತು. ‘ಹ್ಯಾಂಗೈತಿ?’ ಅಂತೀನಿ, ‘ಚಲೋ ಐತ್ರಿ’ ಅಂತಾಳ. ಒಂದ ದಿನಾ ತಪ್ಪ ತಗದ ಹೆಸರಿಟ್ಟಿಲ್ಲ.”

ಈ ಮಾತನ್ನು ನನ್ನ ಹೆಂಡತಿ ನನಗೆ ಎಷ್ಟು ಸಲ ಒಪ್ಪಿಸಿದ್ದಾಳೆ ಎಂದರೆ ನನಗೂ ಬಾಯಿಪಾಠವಾಗಿದೆ.

ಹೀಗಿರುವಾಗ ಗಜೇಂದ್ರಗಡದಲ್ಲಿ ಅನ್ನಪೂರ್ಣಾಳ ತಮ್ಮ ಮುತ್ತಣ್ಣನ ಮಗಳಿಗೆ ಹೆರಿಗೆಯಾಯಿತು. ಮುತ್ತಣ್ಣನ ಹೆಂಡತಿಗೆ ಮೊಣಕಾಲು ನೋವು, ಬಾಣಂತನಕ್ಕೆ ಆಗುವುದಿಲ್ಲ. ಅನ್ನಪೂರ್ಣಾ ಮೂರು ವಾರಕ್ಕೆಂದು ಅಲ್ಲಿಗೆ ಹೋದಳು. ಅಪ್ಪ ಒಬ್ಬನೇ ಇದ್ದಾನೆಂದು ಮಗಳು ಶ್ವೇತಾ ರೋಣದ ತನ್ನ ಗಂಡನ ಮನೆಯಿಂದ ಎರಡು ದಿನಕ್ಕೆ ಬಂದಳು. ಬೆಳಗ್ಗೆ ತೋಟಪ್ಪ ಅವಳಿಗೂ ಚಹಾ ಕೊಟ್ಟು, “ನಿಮ್ಮವ್ವಗ ಅಲ್ಲಿ ಇಂಥಾ ಚಹಾ ಯಾರ ಮಾಡಿಕೊಡಬೇಕ, ಪಾಪ” ಅಂದ.

“ಅಪ್ಪಾ, ಅವ್ವಗ ಚಹಾ ಸೇರೂದಿಲ್ಲ” ಅಂದಳು ಶ್ವೇತಾ.

“ಯಾರಿಗೆ?”

“ಅವ್ವಗ. ಮೊದಲಿಂದೂ ಸೇರೂದಿಲ್ಲ. ಸಣ್ಣಾಕಿದ್ದಾಗ ಎರಡ ವರ್ಷ ಮೈಸೂರಾಗ ಕಾಕೂನ ಮನ್ಯಾಗ ಇದ್ದಳಲ್ಲ, ಅಲ್ಲಿ ಮನ್ಯಾಗ ಕಾಫಿ ಬೀಜ ಹುರಿದು ಮಾಡತಿದ್ರಂತ. ಅಕಿಗೆ ಅದ ಜೀವ. ನಿನಗ ಗೊತ್ತಿಲ್ಲೇನ?”

“ಮತ್ತ ದಿನಾ ಚಲೋ ಐತಿ ಅಂತಿದ್ದಳಲ್ಲ?”

“ಅವ್ವ ಎಲ್ಲಾದಕ್ಕೂ ಹಂಗ ಅಂತಾಳಪಾ.”

ತೋಟಪ್ಪ ಕೈಯಲ್ಲಿದ್ದ ಬಟ್ಟಲನ್ನು ನೋಡಿದ. ಮೂವತ್ತೊಂದು ವರ್ಷವನ್ನು ಮುನ್ನೂರ ಅರವತ್ತೈದರಿಂದ ಗುಣಿಸಿ ನೋಡಿದನಂತೆ. ಬಂದ ಉತ್ತರಕ್ಕೆ ಅವನಿಗೆ ಅಳು ಬಂತು. ಅಲ್ಲೇ ಅವನು ಒಂದು ನಿಶ್ಚಯ ಮಾಡಿದ: ಅನ್ನಪೂರ್ಣಾ ವಾಪಸು ಬರುವುದರೊಳಗೆ ತಾನೇ ಬೀಜ ಹುರಿದು, ತಾನೇ ಕಾಫಿ ಮಾಡಿ, ಅವಳ ಬಾಯಿಂದ ಒಂದೇ ಒಂದು ಸಲ ಖರೇ ಮಾತು ಕೇಳಬೇಕು. ಪೇಟೆಯಲ್ಲಿ ಸಿಗುವ ಪುಡಿ ತರಬಹುದಲ್ಲ ಎಂದು ಶ್ವೇತಾ ಅಂದಳು. “ಪುಡಿ ಯಾರರ ತರತಾರ” ಎಂದ ತೋಟಪ್ಪ. ಗರ್ವ ಅಷ್ಟು ಸುಲಭವಾಗಿ ಸಾಯುವುದಿಲ್ಲ, ಒಲೆ ಬದಲಿಸುತ್ತದೆ ಅಷ್ಟೆ.

ಇದೆಲ್ಲ ನನಗೆ ಆಗ ಗೊತ್ತಿರಲಿಲ್ಲ. ಗೊತ್ತಿದ್ದರೆ ಈ ಕಥೆಯೇ ಆಗುತ್ತಿರಲಿಲ್ಲ.

ಹಾಸನದ ಕಡೆಗೆ ಉಳ್ಳಾಗಡ್ಡಿ ಒಯ್ಯುವ ಲಾರಿಯ ಡ್ರೈವರನೊಬ್ಬ ಎರಡು ಕಿಲೋ ಹಸಿ ಕಾಫಿ ಬೀಜ ತಂದುಕೊಟ್ಟ. ಬೀಜ ಕೈಗೆ ಬಂದೊಡನೆ ತೋಟಪ್ಪ ಮಾಡಿದ ಮೊದಲ ಕೆಲಸವೆಂದರೆ ಹತ್ತು ಕಾಳು ಎಣಿಸಿ, ಒದ್ದೆ ಬಟ್ಟೆಯಲ್ಲಿ ಕಟ್ಟಿ, ಮೊಳಕೆಗೆ ಇಟ್ಟದ್ದು. ಅಂಗಡಿಗೆ ಬಂದ ಯಾವ ಬೀಜವನ್ನೂ ಹಾಗೆ ಪರೀಕ್ಷೆ ಮಾಡದೆ ಅವರ ಅಜ್ಜನ ಕಾಲದಿಂದ ಬಿಟ್ಟಿಲ್ಲ. ಮೂರು ದಿನವಾದರೂ ಒಂದೂ ಮೊಳೆಯಲಿಲ್ಲ. ಡ್ರೈವರನಿಗೆ ಫೋನ್ ಹಚ್ಚಿ, “ಬೋಗಸ್ ಬೀಜ ತಂದೀಯಲ್ಲೋ, ಹತ್ತರಾಗ ಒಂದೂ ನಾಟಿಲ್ಲ!” ಎಂದು ಬೈದ. ಡ್ರೈವರ್, “ಸಾವಕಾರ್ರ, ನೀವು ಕುಡೀತೀರೋ ಬಿತ್ತತೀರೋ?” ಅಂದ. ತೋಟಪ್ಪನಿಗೆ ನಾಚಿಕೆಯಾಯಿತು. ಮೂರು ದಿನವೂ ಹೋಯಿತು.

ಅಡಿಗೆಮನೆಯಲ್ಲಿ ಹುರಿದರೆ ವಾಸನೆ ಉಳಿದು ಗುಟ್ಟು ಬಯಲಾಗುತ್ತದೆಂದು ಹಿತ್ತಲಿನಲ್ಲಿ ಚಿಕ್ಕ ಗ್ಯಾಸ್ ಒಲೆ ಹೂಡಿದ. ಶ್ವೇತಾ ರೋಣಕ್ಕೆ ಹೋಗಿ ಅಲ್ಲಿಂದ ಮೊಬೈಲಿಗೆ ಒಂದು ವಿಡಿಯೋ ಕಳಿಸಿದಳು. ಅದರಲ್ಲಿ ಗಡ್ಡದ ಹುಡುಗನೊಬ್ಬ ಬೆಂಗಳೂರು ಕನ್ನಡದಲ್ಲಿ ಹೇಳುತ್ತಿದ್ದ: ಬೀಜ ಕಾದಾಗ ಚಟಚಟ ಸಿಡಿಯುತ್ತದೆ, ಅದು ಮೊದಲನೇ ಕ್ರ್ಯಾಕ್. ಅದಾದ ಕೂಡಲೇ ಇಳಿಸಿದರೆ ಹೊರಗೆ ಬಣ್ಣ ಬಂದರೂ ಒಳಗೆ ಹಸಿ. ಉರಿ ತಗ್ಗಿಸಿ ಇನ್ನೂ ಒಂದೂವರೆ ನಿಮಿಷ ಬಿಡಬೇಕು. ಎರಡನೇ ಕ್ರ್ಯಾಕ್ ತನಕ ಹೋದರೆ ಕರಕಾಗುತ್ತದೆ.

ಕಾಲು ಕಿಲೋದಂತೆ ಎಂಟು ಸಲಕ್ಕೆ ಆಗುವಷ್ಟು ಬೀಜ. ಮೊದಲನೇ ಸಲ ತೋಟಪ್ಪ ಉರಿ ಪೂರಾ ಜೋರು ಮಾಡಿದ. ನಾಲ್ಕು ನಿಮಿಷದಲ್ಲಿ ಬೀಜ ಕಾಡಿಗೆಯಾಯಿತು. ಕಡಿದು ನೋಡಿದರೆ ಒಳಗೆ ಹಳದಿ. ಎರಡನೇ ಸಲ ಹೆದರಿ ಉರಿ ಅಷ್ಟು ಸಣ್ಣ ಮಾಡಿದ ಎಂದರೆ ಮುಕ್ಕಾಲು ತಾಸು ಕೈಯಾಡಿಸಿದರೂ ಚಟ್ ಎನ್ನಲಿಲ್ಲ. ಕುಡಿದರೆ ಗೋಣಿಚೀಲ ತೊಳೆದ ನೀರು. ಮೂರನೇ ಸಲ ಮೊದಲ ಚಟ್ ಕೇಳಿದೊಡನೆ ಖುಷಿಯಲ್ಲಿ ಇಳಿಸಿಬಿಟ್ಟ. ಬಣ್ಣ ಚಂದ ಬಂದಿತ್ತು. ಮಿಕ್ಸರಿಗೆ ಹಾಕಿದರೆ ಕಲ್ಲು ಹಾಕಿದಂತೆ ಚೀರಿತು. ಕುಡಿದರೆ ಹುಳಿ, ಮೇಲೆ ತೊಯ್ದ ಮೇವಿನ ಕಣಿಕೆಯ ವಾಸನೆ. ಎತ್ತಿಗೆ ಇಟ್ಟಿದ್ದರೆ ಕುಡಿಯುತ್ತಿತ್ತೇನೋ.

ದಿಕ್ಕು ತೋಚದೆ ಬಜಾರದ ಗೌಸುಸಾಬನ ಚುರಮುರಿ ಭಟ್ಟಿಗೆ ಹೋದ. ಗೌಸುಸಾಬ ನಲವತ್ತು ವರ್ಷ ಚುರಮುರಿ, ಶೇಂಗಾ, ಪುಠಾಣಿ ಹುರಿದ ಮನುಷ್ಯ. ಏನು ಹುರಿಯುತ್ತಿದ್ದೇನೆಂದು ಹೇಳದೆ ತೋಟಪ್ಪ, “ಹೊರಗ ಆಗತೈತಿ, ಒಳಗ ಹಸಿ ಉಳೀತೈತಿ. ಯಾಕ?” ಎಂದು ಕೇಳಿದ.

ಗೌಸುಸಾಬ ಜರಡಿ ಆಡಿಸುತ್ತಲೇ ಹೇಳಿದ. “ಸಾವಕಾರ್ರ, ಉರಿಗೆ ಅವಸರ ಆದರ ಕಾಳು ಮಾರಿ ಅಷ್ಟ ತೋರಸತೈತಿ, ಹೊಟ್ಟಿ ತೋರಸಂಗಿಲ್ಲ. ಮೊದಲ ಸಾವಕಾಶ ಕಾಸ್ರಿ, ಒಳಗಿನ ನೀರ ಹೋಗಲಿ. ಆಮ್ಯಾಲೆ ಕೈ ನಿಲ್ಲಸಬ್ಯಾಡ್ರಿ, ಕಿವಿ ತಗೀಬ್ಯಾಡ್ರಿ. ಕಣ್ಣು ಮೋಸ ಮಾಡತೈತಿ, ಕಿವಿ ಮಾಡಂಗಿಲ್ಲ.”

ತೋಟಪ್ಪ ಅಲ್ಲಿಯೇ ಭಟ್ಟಿಯ ಮುಂದೆ ಒಂದು ತಾಸು ಕಿವಿ ಕೊಟ್ಟು ಕುಳಿತ. ಅವನು ಹಾಗೆ ಕುಳಿತದ್ದನ್ನು ಬಜಾರದ ಅರ್ಧ ಮಂದಿ ನೋಡಿದರು. ಮರುದಿನ ಅಂಗಡಿಗೆ ಜಕ್ಕಲಿಯ ರೈತನೊಬ್ಬ ಹೆಸರಿನ ಬೀಜಕ್ಕೆ ಬಂದ. ತೋಟಪ್ಪನ ಮನಸ್ಸು ಬೇರೆಡೆ ಇತ್ತು. ಒಂದು ಹೆಸರು ಕಾಳನ್ನು ಹಲ್ಲಿನಿಂದ ಸೀಳಿ ನೋಡಿ, “ಒಳಗಿನ ಬಣ್ಣ ನನಗ ಸರಿ ಕಾಣವಲ್ದು. ಹುರದರ ಖರೇ ಗೊತ್ತಾಗತೈತಿ ನೋಡು” ಅಂದ.

“ಬಿತ್ತೂ ಬೀಜ ಹುರಿಯೂದ್ರಿ?”

“ಮತ್ತ? ಹುರೀಲಿಲ್ಲಂದ್ರ ಏನ ಉಪಯೋಗ?”

ಆ ರೈತ ಮುಖ ಇತ್ತ ಇಟ್ಟುಕೊಂಡೇ ಹಿಂದಕ್ಕೆ ಹಿಂದಕ್ಕೆ ನಡೆದು ಅಂಗಡಿಯ ಮೆಟ್ಟಿಲಿಳಿದನಂತೆ.

ಇನ್ನು ನನ್ನ ಪಾಲಿನ ಸಂಗತಿಗೆ ಬರುತ್ತೇನೆ. ಒಂದು ದಿನ ಬೆಳಗ್ಗೆ ಹಿತ್ತಲಿನಲ್ಲಿ ಹಲ್ಲುಜ್ಜುತ್ತಿದ್ದೆ. ಗೋಡೆಯಾಚೆ ಹೊಗೆ ಕಂಡಿತು, ತೋಟಪ್ಪನ ದನಿ ಕೇಳಿಸಿತು. ಮಗಳೊಡನೆ ಫೋನಿನಲ್ಲಿ ಮಾತಾಡುತ್ತಿದ್ದ. ಕದ್ದು ಕೇಳುವ ಸ್ವಭಾವ ನನ್ನದಲ್ಲ, ಆದರೆ ಬಾಯಲ್ಲಿ ಹಲ್ಲುಪುಡಿ ಇದ್ದವನಿಗೆ ಕಿವಿ ಮುಚ್ಚಿಕೊಳ್ಳಲು ಆಗುವುದಿಲ್ಲ.

“ಇವತ್ತ ಮೊದಲನೇ ಕ್ರ್ಯಾಕ್ ಆತವ್ವಾ. ಚಲೋ ಆತು. ಆದರ ಮುಂದ ಹೆದರಿ ಬಿಟ್ಟಬಿಟ್ಟೆ... ಹೂಂ, ಒಳಗ ಇನ್ನೂ ಸರಿ ಇಲ್ಲ... ಎರಡನೇ ಕ್ರ್ಯಾಕ್ ಆಗಬಾರದು, ಆದರ ಮುಗೀತು, ಯಾರ ಕೈಗೂ ಸಿಗಂಗಿಲ್ಲ... ನಿಮ್ಮವ್ವಗ ಹೇಳಬ್ಯಾಡ. ಅಕಿ ಬರೂದರೊಳಗ ಸರಿ ಆಗತೈತಿ.”

ನನ್ನ ಕೈಯಿಂದ ಚೊಂಬು ಬಿತ್ತು. ಕ್ರ್ಯಾಕ್ ಎಂಬ ಶಬ್ದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಅರ್ಥಗಳಿವೆಯೋ ನನಗೆ ಗೊತ್ತಿಲ್ಲ, ನಾನು ಇತಿಹಾಸದ ಮಾಸ್ತರ. ಆದರೆ ನಮ್ಮ ಕನ್ನಡಕ್ಕೆ ಬಂದ ಮೇಲೆ ಅದಕ್ಕೆ ಉಳಿದಿರುವುದು ಒಂದೇ ಅರ್ಥ. ಅಷ್ಟೇ ಅಲ್ಲ, ಕ್ರ್ಯಾಕ್ ಆದವನು ತನಗೆ ಕ್ರ್ಯಾಕ್ ಆಗಿದೆ ಎಂದು ತಾನೇ ಇಷ್ಟು ಸಮಾಧಾನವಾಗಿ, ಒಂದು-ಎರಡು ಎಂದು ನಂಬರು ಹಾಕಿ ಹೇಳುವುದನ್ನು ನಾನು ಎಲ್ಲೂ ಕೇಳಿರಲಿಲ್ಲ. ಬಾಯಿ ಮುಕ್ಕಳಿಸಿ ಒಳಗೆ ಹೋಗಿ ಹೆಂಡತಿಗೆ ಹೇಳಿದೆ. ಕರಿಯವ್ವ ಮೊಸರಿನ ಗಡಿಗೆ ಇಳಿಸಿದಳು. ಮುಂದಿನದನ್ನು ಮೊದಲೇ ಹೇಳಿದ್ದೇನೆ.

ಸುದ್ದಿ ಬಜಾರ ಮುಟ್ಟುವಾಗ ತೋಟಪ್ಪನಿಗೆ ಒಂದು ಕ್ರ್ಯಾಕ್ ಆಗಿತ್ತು, ಎರಡನೆಯದು ಆಗುವುದಿತ್ತು. ಜಕ್ಕಲಿ ಮುಟ್ಟುವಾಗ ಅವನು ಗೊಬ್ಬರ ಹುರಿದು ತಿನ್ನುತ್ತಿದ್ದ. ನರಗುಂದ ಮುಟ್ಟುವಾಗ ಗಿರಾಕಿಗಳಿಗೂ ತಿನ್ನಿಸುತ್ತಿದ್ದ. ನರಗುಂದದಲ್ಲಿ ಅವನ ಅಕ್ಕ ದೇವವ್ವ ಇದ್ದಾಳೆ. ಆಕೆ ಮರುದಿನ ಮುಂಜಾನೆಯ ಮೊದಲ ಬಸ್ಸಿಗೆ ಎರಡು ನಿಂಬೆಹಣ್ಣು, ಒಂದು ತಾಯಿತ ಹಿಡಿದುಕೊಂಡು ಬಂದಿಳಿದಳು.

“ತಮ್ಮಾ, ನಾ ಯಾರು?” ಅಂದಳು ಬಾಗಿಲಲ್ಲೇ.

“ಇದೆಂಥಾ ಮಾತ ಅಕ್ಕಾ? ನರಗುಂದಕ್ಕ ಬಂದಿಲ್ಲಂತ ಸಿಟ್ಟಾಗೀ ಏನ?”

“ಹಿತ್ತಲದಾಗ ಏನ ಮಾಡತಿ?”

“ಏನಿಲ್ಲ.”

“ಹೊಗಿ ಬರಾಕತ್ತೈತಲ್ಲ?”

“ಹೊಗಿ? ಯಾವ ಹೊಗಿ?” ಎಂದ ತೋಟಪ್ಪ. ಆ ಹೊಗೆಯಲ್ಲಿ ಅವನ ಮುಖ ಸರಿಯಾಗಿ ಕಾಣುತ್ತಿರಲಿಲ್ಲ. ದೇವವ್ವನ ಹೊಟ್ಟೆಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಅವನಿಗೆ ಗೊತ್ತು. ಆಕೆಗೆ ಹೇಳುವುದೂ ಒಂದೇ, ಗಜೇಂದ್ರಗಡದ ಬಸ್‌ಸ್ಟ್ಯಾಂಡಿನಲ್ಲಿ ಡಂಗುರ ಸಾರುವುದೂ ಒಂದೇ.

ದೇವವ್ವ ನಮ್ಮ ಮನೆಗೆ ಬಂದು, ಸೆರಗು ಬಾಯಿಗಿಟ್ಟುಕೊಂಡು ಶ್ವೇತಾಗೆ ಫೋನ್ ಮಾಡಿದಳು. ಸ್ಪೀಕರ್ ಹಚ್ಚಿದ್ದು ನಾನೇ, ಎಲ್ಲರಿಗೂ ಕೇಳಲೆಂದು.

“ಶ್ವೇತಾ, ನಿಮ್ಮಪ್ಪಗ ಕ್ರ್ಯಾಕ್...” ಎಂದಳು.

“ಗೊತ್ತೈತಿ ಅತ್ತಿ” ಅಂದಳು ಶ್ವೇತಾ ನಗುತ್ತ. “ಎಂಟ ದಿನದಿಂದ ಅದ ನಡದೈತಿ. ನಾನ ವಿಡಿಯೋ ಕಳಿಸಿದ್ದೆ. ಪಾಪ, ಭಾಳ ಶ್ರಮ ಪಡಾಕತ್ತಾನ. ಅವ್ವಗ ಮಾತ್ರ ಹೇಳಬ್ಯಾಡ್ರಿ ಮತ್ತ!”

ಶ್ವೇತಾ ಫೋನ್ ಇಟ್ಟಳು. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಹೆತ್ತ ಮಗಳು ನಗುತ್ತಿದ್ದಾಳೆ. “ಇದು ವಂಶದಾಗ ಇಳದೈತಿ” ಎಂದಳು ನನ್ನ ಹೆಂಡತಿ ಮೆಲ್ಲಗೆ. ದೇವವ್ವ ಅದೂ ತನ್ನ ತವರಿನ ವಂಶ ಎಂಬುದನ್ನು ಮರೆತು ಹೌದೆಂದು ತಲೆಯಾಡಿಸಿ, ಆ ಕೂಡಲೇ ಗಜೇಂದ್ರಗಡಕ್ಕೆ ಮುತ್ತಣ್ಣನಿಗೆ ಫೋನ್ ಹಚ್ಚಿದಳು.

ಸರಕಾರಕ್ಕೂ ತಿಳಿಸಬೇಕಲ್ಲ. ನನ್ನ ಹೆಂಡತಿ ಆಶಾ ಕಾರ್ಯಕರ್ತೆ ಮಾಳವ್ವನನ್ನು ಕರೆಸಿದಳು. ಮಾಳವ್ವ ಒಳ್ಳೆಯ ಹುಡುಗಿ, ಯಾವ ಮನೆಯಲ್ಲಿ ಯಾರ ರಕ್ತ ಎಷ್ಟು ಎಂದು ಬಾಯಲ್ಲೇ ಹೇಳುವವಳು. ವಹಿ ತೆಗೆದುಕೊಂಡು ತೋಟಪ್ಪನ ಪಡಸಾಲೆಯಲ್ಲಿ ಕೂತಳು. ನಾನು ಧೈರ್ಯಕ್ಕೆ ಜೊತೆಗಿದ್ದೆ.

“ಕಾಕಾ, ನಮಗೆಲ್ಲಾ ಗೊತ್ತಾಗೈತ್ರಿ. ಶ್ವೇತಕ್ಕನೂ ಹೇಳ್ಯಾಳ. ಮುಚ್ಚಿಡಬ್ಯಾಡ್ರಿ” ಅಂದಳು.

ತೋಟಪ್ಪನ ಮುಖ ಸಡಿಲಾಯಿತು. ಗುಟ್ಟು ಹೊತ್ತು ಹೊತ್ತು ಅವನಿಗೂ ಸಾಕಾಗಿತ್ತು. “ಗೊತ್ತಾತ? ಚಲೋ ಆತು ಬಿಡು. ನಿಮ್ಮ ಕಾಕೂಗ ಅಷ್ಟ ಗೊತ್ತಾಗಬಾರದು ನೋಡವಾ.”

“ಈ ಕ್ರ್ಯಾಕ್ ಎಂದಿನಿಂದ ಶುರುವಾತ್ರಿ?”

“ಮೊದಲ ಎರಡ ದಿನಾ ಬರಲೇ ಇಲ್ಲ. ಎಷ್ಟ ಕಾಸಿದರೂ ಬರಲಿಲ್ಲ. ಈಗೀಗ ದಿನಾ ಮುಂಜಾನಿ ಬರತೈತಿ, ಒಂಬತ್ತ ಹತ್ತ ನಿಮಿಷಕ್ಕ.”

“ಬರಲಿ ಅಂತ ಕಾಯತೀರೇನ್ರಿ?”

“ಮತ್ತ? ಅದು ಬರಲಿಲ್ಲಂದ್ರ ಜನ್ಮ ವ್ಯರ್ಥ.”

ಮಾಳವ್ವ ಬರೆದುಕೊಂಡಳು. “ಬರೂಕಿಂತ ಮೊದಲ ಏನರ ಗೊತ್ತಾಗತೈತ್ರಿ ಕಾಕಾ?”

“ಆಗತೈತಿ. ಮೊದಲ ಹಸೀ ಹುಲ್ಲಿನ ವಾಸನಿ. ಆಮ್ಯಾಲೆ ರೊಟ್ಟಿ ಸುಟ್ಟಂಗ ವಾಸನಿ. ಹೊಗಿ ಏಳತೈತಿ. ಆವಾಗ ಕಿವಿ ಕೊಟ್ಟ ಕುಂದರಬೇಕು.”

“ಏನ ಕೇಳಸತೈತ್ರಿ?”

“ಚಟ್.”

ಮಾಳವ್ವ ‘ಚಟ್’ ಎಂದು ಬರೆದು ಕೆಳಗೆ ಗೆರೆ ಎಳೆದಳು. “ನಿಮಗಷ್ಟ ಕೇಳಸತೈತೋ, ಬ್ಯಾರೇದವರಿಗೂ ಕೇಳಸತೈತೋ?”

“ಬಾಜೂಕ ನಿಂತರ ಯಾರಿಗರ ಕೇಳಸತೈತಿ. ನಾಳಿ ಬಾ, ನಿನಗೂ ಕೇಳಸತೀನಿ. ಕಡೀ ಸಲ ಇದು. ಇದರಾಗ ಆತು, ಇಲ್ಲಂದ್ರ ಇಲ್ಲ.”

ಮಾಳವ್ವ ಪೆನ್ನಿಗೆ ಟೋಪಿ ಹಾಕಿದಳು. ಹೊರಗೆ ಬಂದು ನನಗೆ ಹೇಳಿದಳು, “ಮಾಸ್ತರ್ರ, ಕಡೀ ಸಲ ಅನ್ನಾಕತ್ತಾರ. ನಾಳಿ ಮುಂಜಾನಿ ಅವರನ್ನ ಒಬ್ಬರನ್ನ ಬಿಡಬ್ಯಾಡ್ರಿ.”

ಅವನು ಹೇಳಿದ್ದು ಕೊನೆಯ ಕಾಲು ಕಿಲೋ ಬೀಜದ ವಿಷಯ. ಏಳು ಸಲದ್ದು ಆಗಲೇ ತಿಪ್ಪೆಗೆ ಹೋಗಿತ್ತು. ನಮಗದು ಗೊತ್ತಿರಲಿಲ್ಲ, ರಾತ್ರಿಯಿಡೀ ಎಚ್ಚರ ಕೂತೆವು.

ಮರುದಿನ ಭಾನುವಾರ. ಏಳಕ್ಕೆ ನಾನು ಗೋಡೆ ಹತ್ತಿರ ಪಹರೆ ನಿಂತೆ. ದೇವವ್ವ ಹಿತ್ತಲಿನ ಬಾಗಿಲ ಹಿಂದೆ, ಕೈಯಲ್ಲಿ ನಿಂಬೆಹಣ್ಣು. ತೋಟಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಕಡಾಯಿಗೆ ಬೀಜ ಸುರಿದ. ಕಾಫಿ ಬೀಜ ಕಂಡರಿಯದ, ಹುರಿದ ವಾಸನೆಯೂ ಅರಿಯದ ನನಗೆ ಅದು ಏನೋ ಕಾಳು ಎಂದಷ್ಟೇ ಕಂಡಿತು. ಸಾವಕಾಶ ಉರಿ ಇಟ್ಟು, ಮರದ ಸೌಟಿನಿಂದ ಬಿಡದೆ ಕೈಯಾಡಿಸುತ್ತ ಕೂತ. ಬೀಜ ಹಸಿರಿನಿಂದ ಹಳದಿಗೆ, ಹಳದಿಯಿಂದ ಗೋದಿ ಬಣ್ಣಕ್ಕೆ ತಿರುಗಿತು. ಹೊಟ್ಟು ಹಾರತೊಡಗಿತು. ಅವನು ಕಣ್ಣು ಮುಚ್ಚಿ ಕಡಾಯಿಯ ಕಡೆಗೆ ಕಿವಿ ಬಗ್ಗಿಸಿದ. ಇಷ್ಟು ಶಾಂತವಾಗಿ ತಲೆ ಕೆಟ್ಟ ಮನುಷ್ಯನನ್ನು ನಾನು ನೋಡಿರಲಿಲ್ಲ.

ಅಷ್ಟರಲ್ಲಿ ಮುಂದಿನ ಬಾಗಿಲಲ್ಲಿ ಕಾರು ನಿಂತ ಸಪ್ಪಳ. ಮುತ್ತಣ್ಣ ಗಜೇಂದ್ರಗಡದಿಂದ ನಸುಕಿನಲ್ಲೇ ಹೊರಟು ಬಂದಿದ್ದ. ಒಳಗಿನಿಂದ ಹಾಯ್ದು ಸೀದಾ ಹಿತ್ತಲಿಗೆ ನುಗ್ಗಿದ.

“ಮಾವಾರ!”

ತೋಟಪ್ಪ ಕಣ್ಣು ತೆರೆಯದೆ ಕೈ ಎತ್ತಿದ. “ಶ್! ಸುಮ್ಮನಿರ್ರಿ. ಕ್ರ್ಯಾಕ್ ಬರಾಕತ್ತೈತಿ!”

“ಮಾಸ್ತರ್ರ, ಹಿಡೀರಿ!” ಎಂದು ಮುತ್ತಣ್ಣ ಕೂಗಿದ. ನಾನು ಗೋಡೆ ಹಾರಿದೆ. ಅರವತ್ತೊಂದನೇ ವಯಸ್ಸಿನಲ್ಲಿ ಗೋಡೆ ಹಾರಿದ್ದನ್ನು ಯಾರೂ ಮೆಚ್ಚಲಿಲ್ಲ ಎಂಬ ಬೇಸರ ನನಗೆ ಇವತ್ತಿಗೂ ಇದೆ. ಮುತ್ತಣ್ಣ ಬಲಗೈ, ನಾನು ಎಡಗೈ. ಅದೇ ಹೊತ್ತಿಗೆ ಕಡಾಯಿಯಲ್ಲಿ ಚಟ್ ಎಂದಿತು. ಮತ್ತೆ ಚಟ್. ಆಮೇಲೆ ಜೋಳದ ಅಳ್ಳು ಹುರಿದಂತೆ ಚಟಚಟ.

“ಬಂತು! ಬಂತು! ಬಿಡ್ರೋ, ಕೈಯಾಡಸಬೇಕು! ಒಂದೂವರಿ ನಿಮಿಷ ಅಷ್ಟ! ಬಿಡ್ರೋ!”

“ಅಯ್ಯೋ ನಮ್ಮಪ್ಪಾ, ಬಂತಂತ!” ಎಂದು ದೇವವ್ವ ಹೊರಗೆ ಓಡಿಬಂದು ಗ್ಯಾಸ್ ಬಂದ್ ಮಾಡಿ, ಸೆರಗಿನಿಂದ ಕಡಾಯಿ ಹಿಡಿದು, ಇದ್ದಬದ್ದ ಬೀಜವನ್ನೆಲ್ಲ ಮೊರದ ಮೇಲೆ ಸುರಿದುಬಿಟ್ಟಳು. ಅದರ ಸುತ್ತ ಮೂರು ಸಲ ನಿಂಬೆಹಣ್ಣನ್ನೂ ಇಳಿಸಿದಳು.

ಚಟಚಟ ನಿಂತಿತು. ತೋಟಪ್ಪ ಕೊಸರಾಡುವುದನ್ನು ಬಿಟ್ಟ. ನಾವು ಬಿಟ್ಟೆವು. ಅವನು ಮೊರದ ಮುಂದೆ ಕೂತು ಒಂದು ಕಾಳು ಕಡಿದು, ಒಳಗೆ ನೋಡಿ, ಚಿಕ್ಕ ಹುಡುಗನಂತೆ ಅತ್ತ.

“ಹಸಿ ಉಳೀತು. ಒಂದೂವರಿ ನಿಮಿಷ ನನ್ನ ಕೈ ಬಿಟ್ಟಿದ್ರ ಆಗತಿತ್ತು. ಇನ್ನ ಬೀಜ ಇಲ್ಲ.”

ಆಗ ಬಾಗಿಲಲ್ಲಿ ಅನ್ನಪೂರ್ಣಾ ಕಂಡಳು. ತಮ್ಮನ ಹಿಂದೆ ಕಾರಿನಿಂದ ಇಳಿದು ಬಂದವಳು, ದಾರಿಯುದ್ದಕ್ಕೂ ಅತ್ತು ಕಣ್ಣು ಊದಿದ್ದವು. ಒಂದು ಹೆಜ್ಜೆ ಹೊರಗಿಟ್ಟು ನಿಂತಳು. ಉಸಿರು ಎಳೆದುಕೊಂಡಳು. ಇನ್ನೊಂದು ಸಲ ಎಳೆದುಕೊಂಡಳು.

“ಕಾಫಿ” ಅಂದಳು.

“ಕಾಫಿ?” ಎಂದೆವು ನಾವು ಮೂವರೂ ಒಟ್ಟಿಗೆ. ನನ್ನ ಇಷ್ಟು ದಿನದ ತಿಳಿವಳಿಕೆಯೆಲ್ಲ ಆ ಒಂದು ಮಾತಿಗೆ ಜರ್ರನೆ ಇಳಿದುಹೋಯಿತು. ಮುತ್ತಣ್ಣ ನನ್ನ ಕಡೆ ನೋಡಿದ. ನಾನು ಆಕಾಶದ ಕಡೆ ನೋಡಿದೆ.

ತೋಟಪ್ಪ ಕಣ್ಣೊರೆಸಿಕೊಂಡು ಎದ್ದ. “ನಿನಗ ಚಹಾ ಸೇರೂದಿಲ್ಲಂತ ಒಂದ ಮಾತ ನನ್ನ ಮುಂದ ಹೇಳಬಾರದಿತ್ತೇನ? ಮೂವತ್ತೊಂದ ವರ್ಷ! ನಾ ಅದನ್ನ ಊರಿಗೆಲ್ಲಾ ಹೇಳಿಕೋತ ಅಡ್ಡಾಡೀನಲ್ಲ!”

ಇಂಥ ಹೊತ್ತಿನಲ್ಲಿ ಹೊರಗಿನವರು ಎದ್ದು ಹೋಗುವುದು ಮರ್ಯಾದೆ. ನಾವು ಯಾರೂ ಹೋಗಲಿಲ್ಲ. ನನ್ನ ಹೆಂಡತಿಯಂತೂ ಗೋಡೆಯಾಚೆ ಡಬ್ಬಿಯೊಂದನ್ನು ಇಟ್ಟುಕೊಂಡು ಅದರ ಮೇಲೆ ಹತ್ತಿ ನಿಂತಿದ್ದಳು.

ಅನ್ನಪೂರ್ಣಾ ಕೆಳಗೆ ನೋಡುತ್ತ ಹೇಳಿದಳು. “ನೀವು ಚಹಾ ಕೊಟ್ಟು ಬಾಜೂಕ ಕುಂದರತಿದ್ರಿ. ಕಪ್ ಖಾಲಿ ಆಗೂತನಕ ಏಳತಿದ್ದಿಲ್ಲ. ಅಂಗಡಿಗೆ ಹೋದಿಂದ ಸಂಜಿತನಕ ನೀವು ನನ್ನ ಕೈಗೆ ಎಲ್ಲಿ ಸಿಗತಿದ್ರಿ? ಹೆಸರಿಟ್ಟರ ನಾಳಿಂದ ಬರೂದ ಬಿಡತೀರೇನೋ ಅಂತ ಅಂಜಿಕಿ ಆತು. ಮೊದಲ ವರ್ಷ ಅಂಜಿದೆ. ಆಮ್ಯಾಲೆ ಹೇಳಾಕ ಭಾಳ ತಡಾ ಆಗಿತ್ತು.”

ಗೋಡೆಯ ಮೇಲಿನಿಂದ ನನ್ನ ಹೆಂಡತಿ ನನ್ನ ಕಡೆ ನೋಡಿದ ನೋಟವನ್ನು ಇಲ್ಲಿ ಬರೆಯುವುದಿಲ್ಲ.

ತೋಟಪ್ಪ ಮೊರ ಎತ್ತಿಕೊಂಡು ಒಳಗೆ ಹೋದ. ಮಿಕ್ಸರ್ ಚೀರಿತು. ಬಿಸಿನೀರು ಹಾಕಿ, ಹೊಸದಾಗಿ ತಂದಿದ್ದ ಫಿಲ್ಟರಿನಲ್ಲಿ ಇಳಿಸಿ, ಹಾಲು ಸಕ್ಕರೆ ಬೆರೆಸಿ ಹೊರಗೆ ತಂದ. ಅವಳು ಕಟ್ಟೆಯ ಮೇಲೆ ಕೂತಿದ್ದಳು. ಅವಸರದಲ್ಲಿ ಕಪ್ಪು ಕೊಡುವಾಗ ಅರ್ಧ ತಟ್ಟೆಗೆ ಚೆಲ್ಲಿತು.

ಅನ್ನಪೂರ್ಣಾ ಒಂದು ಗುಟುಕು ಕುಡಿದಳು. ನಾವೆಲ್ಲ ಅವಳ ಗಂಟಲನ್ನೇ ನೋಡುತ್ತಿದ್ದೆವು.

“ಹ್ಯಾಂಗೈತಿ?” ಎಂದ ತೋಟಪ್ಪ. ಅವಳು ಬಾಯಿ ತೆರೆಯುವ ಮೊದಲೇ ಕೈ ಅಡ್ಡ ಹಿಡಿದು, “ಖರೇ ಹೇಳಬೇಕು” ಅಂದ.

“ಖರೇನ?”

“ನನ್ನಾಣಿ.”

ಅವಳು ಇನ್ನೊಂದು ಗುಟುಕು ಕುಡಿದು ಸ್ವಲ್ಪ ಹೊತ್ತು ಬಾಯಲ್ಲಿ ಇಟ್ಟುಕೊಂಡಳು. ನುಂಗಿದಳು. “ಚಲೋ ಇಲ್ರಿ” ಅಂದಳು. “ಒಳಗ ಹಸಿ ಐತಿ. ಹುಳಿ ಬಡ್ಯಾಕತ್ತೈತಿ. ಹುಲ್ಲ ನೆನಸಿದಂಗ ಐತಿ.”

ತೋಟಪ್ಪನ ಮುಖ ಅರಳಿತು. ಲಗ್ನದ ದಿನ ಕೂಡ ಅವನ ಮುಖ ಹಾಗಿರಲಿಲ್ಲ, ನಾನು ಪಕ್ಕದಲ್ಲೇ ಇದ್ದವನು. “ಇನ್ನೊಮ್ಮೆ ಹೇಳು” ಎಂದ.

“ಚಲೋ ಇಲ್ಲ.”

ತೋಟಪ್ಪ ಪಡಸಾಲೆ ಹಾಯ್ದು ಸೀದಾ ಬೀದಿಗೆ ಓಡಿದ. “ಚಲೋ ಇಲ್ಲಂತ! ನನ್ನ ಹೆಂಡತಿ ಬಾಯಿ ಬಿಟ್ಟ ಹೇಳಿದ್ಲು! ಚಲೋ ಇಲ್ಲಂತ!” ಎಂದು ಬಸವಣ್ಣನ ಗುಡಿಯ ತನಕ ಕೇಳುವಂತೆ ಕೂಗಿದ. ಓಣಿಯ ಬಾಗಿಲುಗಳು ಒಂದೊಂದಾಗಿ ತೆರೆದವು. ನೆರೆದ ಮಂದಿಗೆ ಇನ್ನು ಯಾವ ಅನುಮಾನವೂ ಉಳಿಯಲಿಲ್ಲ. ಒಬ್ಬಿಬ್ಬರು ಅನ್ನಪೂರ್ಣಾಳ ನಸೀಬಿಗೆ ಚ್ ಚ್ ಅಂದರು. ನಾನೂ ಮುತ್ತಣ್ಣನೂ ಸೇರಿ ಅವನನ್ನು ಒಳಗೆ ಕರೆತಂದೆವು, ಈ ಸಲ ಭುಜದ ಮೇಲೆ ಕೈ ಹಾಕಿ.

ವಾಪಸು ಬಂದಾಗ ಅನ್ನಪೂರ್ಣಾ ಕಪ್ಪು ಕೆಳಗಿಟ್ಟಿರಲಿಲ್ಲ. ತಟ್ಟೆಗೆ ಚೆಲ್ಲಿದ್ದನ್ನೂ ಮತ್ತೆ ಕಪ್ಪಿಗೆ ಸುರಿದುಕೊಂಡು ಕುಡಿಯುತ್ತಿದ್ದಳು.

“ಚಲೋ ಇಲ್ಲಂದಿ, ಮತ್ತ ಯಾಕ ಕುಡ್ಯಾಕತ್ತಿ? ಚಲ್ಲು ಅದನ್ನ” ಎಂದ ತೋಟಪ್ಪ.

“ಕುಂದರ್ರಿ ಸುಮ್ಮನ” ಎಂದು ಅವಳು ಸ್ವಲ್ಪ ಸರಿದು ಕಟ್ಟೆಯ ಮೇಲೆ ಜಾಗ ಮಾಡಿದಳು.

ಅವನು ಕೂತ. ಕಪ್ಪಿನಲ್ಲಿ ಎರಡು ಗುಟುಕಿಗಿಂತ ಹೆಚ್ಚು ಉಳಿದಿರಲಿಲ್ಲ, ಅದೂ ಆರಿಹೋಗಿತ್ತು. ಅಷ್ಟನ್ನು ಕುಡಿಯಲು ಅನ್ನಪೂರ್ಣಾ ಅರ್ಧ ತಾಸು ತೆಗೆದುಕೊಂಡಳು.